ಜನನ ಪ್ರಮಾಣಪತ್ರ: ಕಾಗದ ಪುಕ್ಕಟೆ, ತಪ್ಪು ದುಬಾರಿ

ಮಗು ಹುಟ್ಟಿದ 21 ದಿನದೊಳಗೆ ನೋಂದಣಿಯಾದರೆ ಜನನ ಪ್ರಮಾಣಪತ್ರದ ಮೊದಲ ಪ್ರತಿಗೆ ಒಂದು ಪೈಸೆಯೂ ಕೊಡಬೇಕಿಲ್ಲ. ಜನನ ಮರಣ ನೋಂದಣಿ ಕಾಯ್ದೆ, 1969ರ 12ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ. ನೋಂದಣಿಯಾದ ಏಳು ದಿನದೊಳಗೆ ಅದನ್ನು ಕೊಡಬೇಕೆಂಬ ಗಡುವನ್ನೂ 2023ರ ತಿದ್ದುಪಡಿ ಸೇರಿಸಿತು. ಹಾಗಿದ್ದೂ ಈ ಒಂದು ಹಾಳೆಗಾಗಿ ಸಾವಿರಗಟ್ಟಲೆ ಖರ್ಚು ಮಾಡಿ, ತಿಂಗಳುಗಟ್ಟಲೆ ಅಲೆದವರು ಯಾವ ತಾಲ್ಲೂಕು ಕಚೇರಿಯ ಮುಂದೆ ನಿಂತರೂ ಸಿಗುತ್ತಾರೆ. ಅವರ ದುಡ್ಡು ಹೋಗಿರುವುದು ಪ್ರಮಾಣಪತ್ರಕ್ಕಲ್ಲ. ತಡ ಮಾಡಿದ್ದಕ್ಕೆ, ಇಲ್ಲವೇ ಅದರಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ.

ಈ ಮಾತಿಗೆ ಈಗ ತೂಕ ಹೆಚ್ಚಾಗಿದೆ. ತಿದ್ದುಪಡಿ ಕಾಯ್ದೆ 2023ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಆ ದಿನ ಮತ್ತು ಅದರ ನಂತರ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ ಮತ್ತು ಸ್ಥಳ ತೋರಿಸಲು ಜನನ ಪ್ರಮಾಣಪತ್ರವೇ ಬೇಕು. ಶಾಲೆಗೆ ಸೇರಿಸಲು, ಆಧಾರ್ ಮಾಡಿಸಲು, ಪಾಸ್‌ಪೋರ್ಟ್‌ಗೆ, ಮುಂದೆ ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ನೌಕರಿಗೆ ಎಲ್ಲಕ್ಕೂ ಅದೇ. 2025ರ ಫೆಬ್ರವರಿಯಲ್ಲಿ ಪಾಸ್‌ಪೋರ್ಟ್ ನಿಯಮಗಳನ್ನೂ ಇದಕ್ಕೆ ಹೊಂದಿಸಲಾಯಿತು. 2023ರ ಅಕ್ಟೋಬರ್ 1ಕ್ಕಿಂತ ಮೊದಲು ಹುಟ್ಟಿದವರು ಶಾಲೆಯ ವರ್ಗಾವಣೆ ಪತ್ರ, ಪ್ಯಾನ್ ಕಾರ್ಡ್, ಚಾಲನಾ ಪರವಾನಗಿ ಮುಂತಾದ ಬೇರೆ ದಾಖಲೆ ಕೊಡಬಹುದು. ಹೊಸ ಮಕ್ಕಳಿಗೆ ಆ ದಾರಿ ಇಲ್ಲ.

ನಮ್ಮಲ್ಲಿ ಹಿಂದಿನ ಎರಡು ಮೂರು ತಲೆಮಾರು ಬದುಕಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೇಲೆ. ಅದರಲ್ಲಿರುವ ಜನ್ಮದಿನ ಬಂದಿದ್ದು ಒಂದನೇ ತರಗತಿಯ ದಾಖಲಾತಿ ಪುಸ್ತಕದಿಂದ. ಅಲ್ಲಿಗೆ ಬಂದಿದ್ದು ಬಹುಪಾಲು ಮೇಷ್ಟ್ರ ಅಂದಾಜಿನಿಂದ. ಕರ್ನಾಟಕದಲ್ಲಿ ಜೂನ್ 1ರಂದು ಹುಟ್ಟಿದವರು ಅಷ್ಟೊಂದು ಮಂದಿ ಇರುವುದು ಗ್ರಹಗತಿಯಿಂದಲ್ಲ, ಶಾಲೆ ಶುರುವಾಗುತ್ತಿದ್ದ ದಿನದಿಂದ. ಇಂಥವರು ಐವತ್ತರ ವಯಸ್ಸಿನಲ್ಲಿ ಮೂಲ ನೋಂದಣಿ ಹುಡುಕಿಸಿದರೆ ಬೇರೆಯೇ ತಾರೀಖು ಸಿಗುತ್ತದೆ. ಆಗ ಎರಡರಲ್ಲಿ ಯಾವುದನ್ನು ತಿದ್ದಿಸಬೇಕು ಎಂಬ ಪೇಚು. ಎಲ್ಲ ದಾಖಲೆಗಳೂ ಅಂಕಪಟ್ಟಿಗೆ ಹೊಂದಿಕೊಂಡಿದ್ದರೆ, ಬೇರೆ ದಾರಿಯೇ ಇಲ್ಲವೆಂದಾಗ ಮಾತ್ರ ಹಳೆಯ ನೋಂದಣಿಯನ್ನು ಕೆದಕುವುದು ಒಳ್ಳೆಯದು.

ಯಾವುದು ಪ್ರಮಾಣಪತ್ರ, ಯಾವುದು ಅಲ್ಲ

ಆಸ್ಪತ್ರೆಯವರು ಕೈಗೆ ಕೊಡುವ ಹುಟ್ಟಿನ ಚೀಟಿ, ಡಿಸ್ಚಾರ್ಜ್ ಸಾರಾಂಶ, ತಾಯಿ ಕಾರ್ಡ್ ಇವು ಯಾವುವೂ ಜನನ ಪ್ರಮಾಣಪತ್ರವಲ್ಲ. ಮಗುವಿನ ಪಾದದ ಗುರುತು ಒತ್ತಿದ ಅಂದದ ಹಾಳೆಯಂತೂ ಗೋಡೆಗೆ ಹಾಕಲು ಮಾತ್ರ. ಆಸ್ಪತ್ರೆ ನೋಂದಣಾಧಿಕಾರಿಗೆ ಕಳಿಸುವ ವರದಿ ನಮೂನೆ 1. ಅದು ನೋಂದಣಿ ಪುಸ್ತಕಕ್ಕೆ ಏರಿದ ಮೇಲೆ ನಿಮಗೆ ಸಿಗುವುದು ನಮೂನೆ 5. ಕಾನೂನಿನ ಕಣ್ಣಿನಲ್ಲಿ ಜನನ ಪ್ರಮಾಣಪತ್ರವೆಂದರೆ ಈ ನಮೂನೆ 5.

ಅದರಲ್ಲೇ ಎರಡು ಬಗೆ ನೋಡಲು ಸಿಗುತ್ತವೆ. ಒಂದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ಇನ್ನೊಂದರಲ್ಲಿ ಹೆಸರಿದೆ. ನಾಮಕರಣಕ್ಕೆ ಮೊದಲೇ ನೋಂದಣಿಯಾಗುವುದರಿಂದ ಖಾಲಿ ಇರುವುದೇ ನಮ್ಮಲ್ಲಿ ಹೆಚ್ಚು. ಅದು ತಪ್ಪಲ್ಲ, ಕಾಯ್ದೆಯ 14ನೇ ಸೆಕ್ಷನ್ ಅದಕ್ಕೆಂದೇ ಇದೆ. ನೋಂದಣಿಯಾದ 12 ತಿಂಗಳೊಳಗೆ ತಂದೆ ಅಥವಾ ತಾಯಿ ಹೋಗಿ ಹೆಸರು ಬರೆಸಿದರೆ ಶುಲ್ಕವಿಲ್ಲ. ಅದು ದಾಟಿದರೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. 15 ವರ್ಷವೂ ಕಳೆದರೆ ನೋಂದಣಾಧಿಕಾರಿಯ ಕೈ ಕಟ್ಟಿದಂತೆ. ಸರ್ಕಾರ ಆಗೊಮ್ಮೆ ಈಗೊಮ್ಮೆ ಕೊಡುವ ವಿನಾಯಿತಿಗೆ ಕಾಯಬೇಕು. ಹೆಸರಿಲ್ಲದ ಪತ್ರವನ್ನೇ ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿಟ್ಟು, ಪಾಸ್‌ಪೋರ್ಟ್ ಅರ್ಜಿಯ ದಿನ ತೆಗೆದು ನೋಡಿ ಬೆಚ್ಚಿಬೀಳುವುದು ತೀರಾ ಸಾಮಾನ್ಯ.

ರೂಪದ ಲೆಕ್ಕದಲ್ಲೂ ಬಗೆಗಳಿವೆ. ಹಳೆಯ ಕೈಬರಹದ ಪತ್ರ, ಪುಸ್ತಕದ ಪುಟದ ದೃಢೀಕೃತ ನಕಲು, ಮತ್ತು ಈಗಿನ ಡಿಜಿಟಲ್ ಸಹಿ, ಕ್ಯೂಆರ್ ಕೋಡ್ ಇರುವ ಪ್ರತಿ. ಕರ್ನಾಟಕದಲ್ಲಿ ಇದು ಇ-ಜನ್ಮ ತಂತ್ರಾಂಶದಿಂದ ಬರುತ್ತದೆ. ಡಿಜಿಟಲ್ ಸಹಿ ಇದ್ದರೆ ಶಾಯಿಯ ಸಹಿ, ದುಂಡು ಮೊಹರು ಬೇಕಿಲ್ಲ. ಹಳೆಯ ಕೈಬರಹದ ಪತ್ರವೂ ರದ್ದಾಗಿಲ್ಲ. ಆದರೆ ಅದನ್ನು ಆನ್‌ಲೈನಿನಲ್ಲಿ ತಾಳೆ ನೋಡಲಾಗದ ಕಾರಣ ಪಾಸ್‌ಪೋರ್ಟ್ ಕಚೇರಿಯವರು, ವಿದೇಶಿ ರಾಯಭಾರ ಕಚೇರಿಯವರು ಹೊಸ ಪ್ರತಿ ತನ್ನಿ ಎನ್ನುವುದುಂಟು. ಕಂಪ್ಯೂಟರಿಗೆ ಏರದ ಹಳೆಯ ನೋಂದಣಿಯಾದರೆ ಮೊದಲು ಅದನ್ನು ದತ್ತಾಂಶಕ್ಕೆ ಸೇರಿಸುವಂತೆ ನೋಂದಣಿ ಕಚೇರಿಗೆ ಅರ್ಜಿ ಕೊಡಬೇಕು. ಕೈಬರಹ ಓದಿ ಟೈಪ್ ಮಾಡುವಾಗ ಹೊಸ ತಪ್ಪು ನುಸುಳುವುದು ಈ ಹಂತದಲ್ಲೇ. ಹಾಗಾಗಿ ಹಳೆಯ ಪ್ರತಿ ಜೊತೆಗಿಟ್ಟುಕೊಂಡು ಪರದೆಯ ಮೇಲೆ ಓದಿ ನೋಡಿ.

ದತ್ತು ಮಗುವಿನದು ಬೇರೆ ಬಗೆ. ದತ್ತು ಆದೇಶವನ್ನು 2022ರ ಸೆಪ್ಟೆಂಬರ್‌ನಿಂದ ನ್ಯಾಯಾಲಯದ ಬದಲು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿ ಹೊರಡಿಸುತ್ತಾರೆ. ಅದರ ಆಧಾರದ ಮೇಲೆ ದತ್ತು ಪಡೆದವರನ್ನೇ ತಂದೆತಾಯಿ ಎಂದು ನಮೂದಿಸಿದ ಪ್ರಮಾಣಪತ್ರ ಸಿಗುತ್ತದೆ. ಆದೇಶದಲ್ಲಿರುವ ಜನ್ಮದಿನವೇ ಅದರಲ್ಲಿ ಬರುತ್ತದೆ. ಒಂಟಿ ತಾಯಿಯ ವಿಷಯವನ್ನು ಸುಪ್ರೀಂ ಕೋರ್ಟ್ 2015ರ ಜುಲೈ 6ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ: ತಾಯಿಯೊಬ್ಬಳೇ ಅರ್ಜಿ ಹಾಕಿದರೆ ಒಂದು ಅಫಿಡವಿಟ್ ಪಡೆದು ಪ್ರಮಾಣಪತ್ರ ಕೊಡಬೇಕು, ತಂದೆಯ ಹೆಸರಿಲ್ಲವೆಂದು ತಡೆಯುವಂತಿಲ್ಲ. ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತಿಲ್ಲದಿರಬಹುದು. ತೀರ್ಪಿನ ಪ್ರತಿ ಒಯ್ದರೆ ವಾದ ಬೇಗ ಮುಗಿಯುತ್ತದೆ.

ಹೊರದೇಶದಲ್ಲಿ ಹುಟ್ಟಿದ ಭಾರತೀಯ ಮಕ್ಕಳನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಒಂದು ವರ್ಷದೊಳಗೆ ನೋಂದಾಯಿಸಬೇಕು. ಅಲ್ಲಿ ಮಾಡಿಸದೆ, ಇಲ್ಲೇ ನೆಲೆಸಲು ವಾಪಸಾದರೆ, ಬಂದ 60 ದಿನದೊಳಗೆ ಇಲ್ಲಿ ನೋಂದಾಯಿಸಲು ಕಾಯ್ದೆಯ 20ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಇನ್ನು ನಮೂನೆ 10. ಇದು ‘ಇಂಥವರ ಜನನ ನಮ್ಮ ಪುಸ್ತಕದಲ್ಲಿ ದಾಖಲಾಗಿಲ್ಲ’ ಎಂದು ಹೇಳುವ ಅಲಭ್ಯತಾ ಪತ್ರ. ಇಲ್ಲವೆಂದು ಹೇಳುವ ಪತ್ರಕ್ಕೂ ಬೆಲೆಯಿದೆ. ತಡವಾದ ನೋಂದಣಿಗೆ ಇದೇ ಮೊದಲ ಮೆಟ್ಟಿಲು, ಅಮೆರಿಕದ ವಲಸೆ ಅರ್ಜಿಯಲ್ಲಿ ಶಾಲಾ ದಾಖಲೆ, ಅಫಿಡವಿಟ್‌ಗಳ ಜೊತೆ ಇದನ್ನೂ ಕೇಳುತ್ತಾರೆ. 1969ರ ಕಾಯ್ದೆ ಬಹುತೇಕ ರಾಜ್ಯಗಳಲ್ಲಿ ಜಾರಿಯಾದದ್ದು 1970ರ ಏಪ್ರಿಲ್ 1ರಂದು. ಅದಕ್ಕೂ ಹಿಂದೆ ಹುಟ್ಟಿದವರಲ್ಲಿ ನೋಂದಣಿ ಇಲ್ಲದಿರುವವರೇ ಹೆಚ್ಚು.

ಜನನ ಪ್ರಮಾಣಪತ್ರವೇ ಪೌರತ್ವಕ್ಕೂ ಪುರಾವೆ ಎಂಬ ತಪ್ಪು ತಿಳಿವಳಿಕೆ ಹೆಚ್ಚಾಗಿ ಓಡಾಡುತ್ತಿದೆ. ಜನನ ಪ್ರಮಾಣಪತ್ರ ಸಾಬೀತುಪಡಿಸುವುದು ಹುಟ್ಟಿದ ದಿನ ಮತ್ತು ಸ್ಥಳವನ್ನು ಮಾತ್ರ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರಿಗೆ ಹುಟ್ಟಿನಿಂದಲೇ ಪೌರತ್ವ ಬರುತ್ತಿದ್ದುದರಿಂದ ಎರಡೂ ಹೆಚ್ಚು ಕಡಿಮೆ ಒಂದೇ ಆಗಿತ್ತು. ಆ ಬಳಿಕ ಹುಟ್ಟಿದವರಿಗೆ ತಂದೆತಾಯಿಯ ಪೌರತ್ವವನ್ನೂ ನೋಡಲಾಗುತ್ತದೆ, ಅದನ್ನು ಈ ಹಾಳೆ ಹೇಳುವುದಿಲ್ಲ. ಹಾಗೆಯೇ ಆಧಾರ್ ಕಾರ್ಡಿನಲ್ಲಿರುವ ಜನ್ಮದಿನವೂ ವಯಸ್ಸಿಗೆ ಪುರಾವೆಯಲ್ಲ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತು.

ದರಪಟ್ಟಿ, ಮತ್ತು ದರಪಟ್ಟಿಯಲ್ಲಿ ಇಲ್ಲದ ಖರ್ಚು

ಬಹುಕಾಲ ದರಗಳು ತಮಾಷೆ ಎನಿಸುವಷ್ಟು ಕಡಿಮೆ ಇದ್ದವು. 21 ದಿನ ದಾಟಿ 30 ದಿನದೊಳಗಾದರೆ 2 ರೂಪಾಯಿ, 30 ದಿನದಿಂದ ಒಂದು ವರ್ಷದವರೆಗೆ 5, ವರ್ಷ ದಾಟಿದರೆ 10. ಹೆಚ್ಚುವರಿ ಪ್ರತಿಗೆ 5 ರೂಪಾಯಿ. ಪುಸ್ತಕ ಹುಡುಕಲು ವರ್ಷಕ್ಕೆ 2 ರೂಪಾಯಿ. 2023ರ ತಿದ್ದುಪಡಿಯ ನಂತರದ ಮಾದರಿ ನಿಯಮಗಳಲ್ಲಿ ತಡದ ಶುಲ್ಕ 20, 50, 100 ಆಯಿತು. ಕರ್ನಾಟಕದಲ್ಲಿ 2025ರ ಆರಂಭದಲ್ಲಿ ಪ್ರತಿಯೊಂದರ ಶುಲ್ಕ 5ರಿಂದ 50ಕ್ಕೆ ಏರಿತು. ಹತ್ತು ಪಟ್ಟು ಎಂದು ಕೂಗೆದ್ದರೂ ಐವತ್ತು ರೂಪಾಯಿ ಯಾರ ಮನೆಯನ್ನೂ ಮುಳುಗಿಸುವುದಿಲ್ಲ. ನಿಜವಾದ ಹೊರೆ ಇರುವುದು ರಸೀದಿ ಇಲ್ಲದ ಕಡೆ.

ಲೆಕ್ಕ ಹಾಕಿ ನೋಡಿ. ಅಫಿಡವಿಟ್‌ಗೆ ಕರ್ನಾಟಕದಲ್ಲಿ ಈಗ 100 ರೂಪಾಯಿಯ ಛಾಪಾ ಕಾಗದ ಬೇಕು, ಮೊದಲು 20 ಇತ್ತು. ಅದರ ಮೇಲೆ ನೋಟರಿ, ಟೈಪಿಂಗ್. ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿದರೆ ಅಲ್ಲಿನ ಸೇವಾ ಶುಲ್ಕ. ಬೇರೆ ಊರಿನಲ್ಲಿ ಹುಟ್ಟಿದ್ದರೆ ಬಸ್ ಚಾರ್ಜು, ಕಳೆದ ಕೂಲಿ ದಿನ. ವರ್ಷ ದಾಟಿದ ಪ್ರಕರಣದಲ್ಲಿ ವಕೀಲರ ಶುಲ್ಕ. 100 ರೂಪಾಯಿಯ ಸರ್ಕಾರಿ ಶುಲ್ಕ ಇವೆಲ್ಲದರ ಮುಂದೆ ಚಿಲ್ಲರೆ.

ಕೆಲವನ್ನು ಉಳಿಸಬಹುದು. ಒಂದು ವರ್ಷದೊಳಗಿನ ತಡದ ನೋಂದಣಿಗೆ ಹಿಂದೆ ನೋಟರಿಯ ಮುಂದೆ ಮಾಡಿದ ಅಫಿಡವಿಟ್ ಕಡ್ಡಾಯವಿತ್ತು. 2023ರಲ್ಲಿ 13ನೇ ಸೆಕ್ಷನ್ನಿನಿಂದ ಅದನ್ನು ತೆಗೆದು ಸ್ವಯಂ ದೃಢೀಕರಿಸಿದ ದಾಖಲೆ ಸಾಕೆಂದು ಮಾಡಿದ್ದಾರೆ. ಹಳೆಯ ಅಭ್ಯಾಸದಲ್ಲಿ ಯಾರಾದರೂ ಛಾಪಾ ಕಾಗದ ಕೇಳಿದರೆ ತಿದ್ದುಪಡಿಯನ್ನು ತೋರಿಸಿ. ವರ್ಷ ದಾಟಿದ್ದಕ್ಕೆ ಮೊದಲ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಿತ್ತು. ಈಗ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದು. ನಮ್ಮಲ್ಲಿ ಉಪವಿಭಾಗಾಧಿಕಾರಿಗಳೇ ಉಪವಿಭಾಗೀಯ ಮ್ಯಾಜಿಸ್ಟ್ರೇಟರು. ನೆನಪಿಡಬೇಕಾದ್ದು ಒಂದೇ: ಜನನ ಆದ ಜಾಗ ಯಾರ ವ್ಯಾಪ್ತಿಗೆ ಬರುತ್ತದೋ ಅವರ ಮುಂದೆಯೇ ಹೋಗಬೇಕು. ಈಗ ವಾಸವಿರುವ ಊರಿನ ಅಧಿಕಾರಿ ಇದನ್ನು ಮಾಡಲಾರರು.

ಹುಡುಕುವ ಜಾಗ ತಪ್ಪಿದರೆ

‘ನೋಂದಣಿಯೇ ಇಲ್ಲ’ ಎಂದು ಬರುವ ಎಷ್ಟೋ ಪ್ರಕರಣಗಳಲ್ಲಿ ನೋಂದಣಿ ಇರುತ್ತದೆ, ಹುಡುಕಿದ ಪುಸ್ತಕ ಬೇರೆ. ಜನನ ದಾಖಲಾಗುವುದು ಮಗು ಹುಟ್ಟಿದ ಜಾಗದಲ್ಲಿ, ತಂದೆತಾಯಿ ವಾಸವಿರುವ ಜಾಗದಲ್ಲಲ್ಲ. ಹಳ್ಳಿಯವರ ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗಿದ್ದರೆ ಹೆಸರು ಪಟ್ಟಣದ ಪುಸ್ತಕದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಾಗಿದ್ದರೆ ತವರೂರಿನ ಪುಸ್ತಕದಲ್ಲಿ. ಓಡುತ್ತಿರುವ ವಾಹನದಲ್ಲಿ, ಉದಾಹರಣೆಗೆ 108 ಆಂಬುಲೆನ್ಸಿನಲ್ಲಿ ಹೆರಿಗೆಯಾದರೆ ಆ ಬಳಿಕ ವಾಹನ ಮೊದಲು ನಿಂತ ಸ್ಥಳದಲ್ಲಿ ಮಾಹಿತಿ ಕೊಡಬೇಕೆಂದು ನಿಯಮ.

ಇದನ್ನು ಗಮನಿಸದೆ ಸ್ವಂತ ಊರಿನ ಪುಸ್ತಕದಲ್ಲಿ ಹುಡುಕಿಸಿ, ಸಿಗದೆ, ಅಲಭ್ಯತಾ ಪತ್ರ ಪಡೆದು, ಅದರ ಮೇಲೆ ತಡದ ನೋಂದಣಿ ಮಾಡಿಸಿಕೊಂಡರೆ ಒಬ್ಬರಿಗೆ ಎರಡು ನೋಂದಣಿಯಾಗುತ್ತದೆ. ಎರಡರಲ್ಲಿ ತಾರೀಖು ಬೇರೆ ಇದ್ದರಂತೂ ವೀಸಾ ಅಧಿಕಾರಿ ಅದನ್ನು ಮೋಸವೆಂದೇ ಓದಬಹುದು. ಒಂದನ್ನು 15ನೇ ಸೆಕ್ಷನ್ ಕೆಳಗೆ ರದ್ದು ಮಾಡಿಸುವುದು ಇನ್ನೊಂದು ಸುತ್ತಾಟ.

ಹುಡುಕುವಾಗ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ಸ್ಥಳ, ಹಿಂದುಮುಂದು ಎರಡು ವರ್ಷ ಸೇರಿಸಿ ಅರ್ಜಿ ಕೊಡಿ. ಮಗುವಿನ ಹೆಸರಿನಿಂದ ಹುಡುಕಿದರೆ ಸಿಗದು, ಏಕೆಂದರೆ ಹಳೆಯ ನಮೂದುಗಳಲ್ಲಿ ಹೆಸರೇ ಇಲ್ಲ: ‘ಗಂಡು’, ‘ಹೆಣ್ಣು’ ಎಂದಷ್ಟೇ ಇರುತ್ತದೆ. ವರ್ಷಕ್ಕೊಂದರಂತೆ ಶುಲ್ಕವಾದರೂ ಅದು ಖರ್ಚು ಮಾಡಲು ಯೋಗ್ಯವಾದ ದುಡ್ಡು.

ಒಂದು ಅಕ್ಷರದ ಬೆಲೆ

ಹೆಚ್ಚು ತಪ್ಪು ಬೀಳುವ ಅಂಕಣ ಮಗುವಿನದಲ್ಲ, ತಾಯಿಯ ಹೆಸರಿನದು. ಹೆರಿಗೆಗೆ ತವರಿಗೆ ಬಂದವಳ ಆಧಾರ್ ಇನ್ನೂ ಮದುವೆಗೆ ಮುಂಚಿನ ಹೆಸರಿನಲ್ಲಿರುತ್ತದೆ, ಇನಿಷಿಯಲ್ ಅಪ್ಪನದು. ಆಸ್ಪತ್ರೆಯ ದಾಖಲಾತಿಯಲ್ಲಿ ಅದೇ ಹೋಗುತ್ತದೆ, ಅಲ್ಲಿಂದ ನಮೂನೆ 1ಕ್ಕೆ, ಅಲ್ಲಿಂದ ಪ್ರಮಾಣಪತ್ರಕ್ಕೆ. ಅಷ್ಟರಲ್ಲಿ ಅವಳ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿರುತ್ತದೆ. ಮಗುವಿನ ಪತ್ರದಲ್ಲಿರುವ ತಾಯಿಯೂ ಅರ್ಜಿ ಹಿಡಿದು ನಿಂತ ತಾಯಿಯೂ ಒಬ್ಬರೇ ಎಂದು ತೋರಿಸಲು ಮತ್ತೊಂದು ಅಫಿಡವಿಟ್.

ಎರಡನೆಯದು ಇಂಗ್ಲಿಷ್ ಕಾಗುಣಿತ. ಕನ್ನಡದಲ್ಲಿ ‘ಲಕ್ಷ್ಮಿ’ ಒಬ್ಬಳೇ. ಇಂಗ್ಲಿಷಿನಲ್ಲಿ ಎಕ್ಸ್ ಅಕ್ಷರದ ಲಕ್ಷ್ಮಿ, ಕೆ-ಎಸ್-ಎಚ್ ಲಕ್ಷ್ಮಿ, ಕೊನೆಗೆ ಐ ಬದಲು ಎರಡು ಇ ಇರುವ ಲಕ್ಷ್ಮಿ, ಮೂವರೂ ಬೇರೆ ಬೇರೆ ಹೆಂಗಸರು. ಮೂರನೆಯದು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಲು ಹೇಳುತ್ತಾರೆ. ಮಗುವಿನ ಹೆಸರಿನ ಮುಂದೆ ‘ಕೆ. ಎಂ.’ ಎಂದು ಬರೆಸುವ ಬದಲು ಮೊದಲೇ ಪೂರ್ಣವಾಗಿ ಬರೆಸಿದರೆ ಮುಂದೆ ಎರಡು ಕಡೆ ತಿದ್ದುವುದು ತಪ್ಪುತ್ತದೆ.

ಇವೆಲ್ಲ ಪುಕ್ಕಟೆಯಾಗಿ ಸರಿಯಾಗುವ ಸಮಯ ಒಂದಿದೆ: ಆಸ್ಪತ್ರೆಯವರು ನಮೂನೆ 1 ತುಂಬಿ ಸಹಿಗೆ ಕೊಡುವ ಐದು ನಿಮಿಷ. ಹೆರಿಗೆ ವಾರ್ಡಿನ ಗದ್ದಲದಲ್ಲಿ ಯಾರೋ ಚಿಕ್ಕಪ್ಪ ಸಹಿ ಹಾಕಿ ಬರುತ್ತಾರೆ. ಅವರು ಕನ್ನಡಕ ತಂದಿರುವುದಿಲ್ಲ. ತಂದೆ ಅಥವಾ ತಾಯಿಯೇ ಆಧಾರ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಹೆಸರು, ಕಾಗುಣಿತ, ತಾರೀಖು, ಗಂಡು-ಹೆಣ್ಣು, ವಿಳಾಸ ಓದಬೇಕು. ಮಧ್ಯರಾತ್ರಿ ಸಮೀಪದ ಹೆರಿಗೆಯಾದರೆ ತಾರೀಖನ್ನು ಎರಡು ಸಲ ನೋಡಿ. ಹೊಸ ನಮೂನೆಯಲ್ಲಿ ತಂದೆತಾಯಿಯ ಆಧಾರ್ ಸಂಖ್ಯೆಯನ್ನೂ ಕೇಳುತ್ತಾರೆ. ಆದ್ದರಿಂದ ಹೆರಿಗೆಗೆ ಮುಂಚೆಯೇ ತಾಯಿಯ ಆಧಾರ್ ಹೆಸರನ್ನು ಯಾವ ರೂಪದಲ್ಲಿ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿರುವುದು ಜಾಣತನ.

ಪತ್ರ ಬಂದ ಮೇಲೆ ತಪ್ಪು ಕಂಡರೆ 15ನೇ ಸೆಕ್ಷನ್. ಬರವಣಿಗೆಯ ದೋಷವಾದರೆ ನೋಂದಣಾಧಿಕಾರಿಯೇ ತಿದ್ದಬಹುದು. ವಿಷಯವೇ ತಪ್ಪಾಗಿದ್ದರೆ ಘೋಷಣೆ ಬೇಕು, ಸಂಗತಿ ಬಲ್ಲ ಇಬ್ಬರು ನಂಬಲರ್ಹ ವ್ಯಕ್ತಿಗಳ ಹೇಳಿಕೆಯೂ ಬೇಕು. ಮೂಲ ನಮೂದನ್ನು ಅಳಿಸುವುದಿಲ್ಲ, ಪಕ್ಕದ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಮಾಡುತ್ತಾರೆ. ಆಸ್ಪತ್ರೆಯ ಹೆರಿಗೆಯಾದರೆ ಅವರ ದಾಖಲೆಯಲ್ಲಿ ಏನಿದೆ ಎಂಬ ಪತ್ರವನ್ನು ಮೊದಲು ತಂದುಕೊಳ್ಳಿ. ಆಸ್ಪತ್ರೆಯ ಪುಸ್ತಕ ಸರಿಯಿದ್ದು ನೋಂದಣಿ ತಪ್ಪಿದ್ದರೆ ಕೆಲಸ ಸುಲಭ. ಆಸ್ಪತ್ರೆಯಲ್ಲೇ ತಪ್ಪಿದ್ದರೆ ಕಷ್ಟ. ನೋಂದಣಾಧಿಕಾರಿ ಒಪ್ಪದಿದ್ದರೆ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹಾಕಬಹುದು. 90 ದಿನದಲ್ಲಿ ತೀರ್ಮಾನವಾಗಬೇಕು. ಬಾಯಿಮಾತಿನ ‘ಆಗಲ್ಲ’ ಸಾಲದು, ತಿರಸ್ಕಾರವನ್ನು ಬರಹದಲ್ಲಿ ಕೇಳಿ.

ತಪ್ಪು ತಿದ್ದುವುದು ಬೇರೆ, ಹೆಸರನ್ನೇ ಬದಲಾಯಿಸುವುದು ಬೇರೆ. ಜ್ಯೋತಿಷಿಯ ಮಾತಿಗೆ ಮಗುವಿನ ಹೆಸರು ಬದಲಾಯಿಸಿದ ಎಷ್ಟೋ ಮಂದಿ ಕೌಂಟರಿನಿಂದ ಬರಿಗೈಲಿ ವಾಪಸಾಗಿದ್ದಾರೆ, ಏಕೆಂದರೆ ಒಮ್ಮೆ ನಮೂದಾದ ಹೆಸರನ್ನು ಬದಲಿಸಲು ಕಾಯ್ದೆಯಲ್ಲಿ ದಾರಿಯೇ ಇಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಉಡುಪಿಯ ಮಗುವೊಂದರ ಪ್ರಕರಣದಲ್ಲಿ, ಶಾಸಕಾಂಗ ಕಾಯ್ದೆ ತಿದ್ದುವವರೆಗೆ ತಂದೆತಾಯಿಯ ಪ್ರಮಾಣಿತ ಹೇಳಿಕೆ ಪಡೆದು ಬದಲಾದ ಹೆಸರನ್ನೂ ನಮೂದಿಸಿ ಎಂದಿತು. ಹಳೆಯದೂ ಹೊಸದೂ ಎರಡೂ ದಾಖಲೆಯಲ್ಲಿ ಉಳಿಯುತ್ತವೆ.

ದೇಶ ದಾಟುವ ಪ್ರತಿ

ವಿದೇಶಕ್ಕೆ ಒಯ್ಯುವ ಪ್ರಮಾಣಪತ್ರಕ್ಕೆ ಇನ್ನೊಂದು ಪದರ ಬೇಕು. 1961ರ ಹೇಗ್ ಒಪ್ಪಂದದ ಅಪೋಸ್ಟಿಲ್, ಅಂದರೆ ಒಪ್ಪಂದದೊಳಗಿನ ದೇಶಗಳು ಪರಸ್ಪರ ಒಪ್ಪುವ ದೃಢೀಕರಣ ಚೀಟಿಯ ವ್ಯವಸ್ಥೆ ಭಾರತಕ್ಕೆ ಅನ್ವಯವಾದದ್ದು 2005ರ ಜುಲೈನಲ್ಲಿ. ಮೊದಲು ರಾಜ್ಯ ಸರ್ಕಾರದ ನಿಗದಿತ ಇಲಾಖೆಯ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್. ಸಚಿವಾಲಯದ ಶುಲ್ಕ ಪ್ರತಿ ದಾಖಲೆಗೆ 50 ರೂಪಾಯಿ, ಅದರ ಮೇಲೆ ಅರ್ಜಿ ಸ್ವೀಕರಿಸುವ ಏಜೆನ್ಸಿಯ ಸೇವಾ ಶುಲ್ಕ. ಕೆನಡಾ 2024ರ ಜನವರಿ 11ರಿಂದ ಈ ಒಪ್ಪಂದದೊಳಗೆ ಬಂದಿರುವುದರಿಂದ ಅಲ್ಲಿಗೆ ಹೋಗುವ ಪತ್ರಕ್ಕೆ ರಾಯಭಾರ ಕಚೇರಿಯ ಮೊಹರು ಬೇಡ. ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಹಾಗಲ್ಲ: ಸಚಿವಾಲಯದ ದೃಢೀಕರಣದ ಮೇಲೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕು, ಅದರ ದರ ನಮ್ಮ ಸರ್ಕಾರಿ ಶುಲ್ಕಗಳಿಗಿಂತ ಬಹಳ ಹೆಚ್ಚು.

ಈ ಕೆಲಸಕ್ಕೆ ಹೊರಡುವ ಮುನ್ನ ಪ್ರತಿಯ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ. ತೆರೆದುಕೊಳ್ಳುವ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುವ ಸರ್ಕಾರಿ ತಾಣವೇ ಆಗಿರಬೇಕು, ಅಲ್ಲಿ ಕಾಣುವ ಹೆಸರು, ನೋಂದಣಿ ಸಂಖ್ಯೆ ಕೈಯಲ್ಲಿರುವ ಹಾಳೆಯದೇ ಆಗಿರಬೇಕು. ಒಂದೇ ದಿನದಲ್ಲಿ ಪ್ರಮಾಣಪತ್ರ ಮಾಡಿಕೊಡುತ್ತೇವೆ ಎನ್ನುವ ನಕಲಿ ತಾಣಗಳ ಹಾಳೆಯಲ್ಲೂ ಕ್ಯೂಆರ್ ಇರುತ್ತದೆ, ಅದು ಕರೆದೊಯ್ಯುವುದು ಅವರದೇ ಪುಟಕ್ಕೆ. ಹೆಸರು ಸೇರಿಸುವುದು, ಕಾಗುಣಿತ ತಿದ್ದಿಸುವುದು ಏನಿದ್ದರೂ ಅಪೋಸ್ಟಿಲ್‌ಗೆ ಮೊದಲೇ ಮುಗಿಸಿಕೊಳ್ಳಿ. ಅಪೋಸ್ಟಿಲ್ ಚೀಟಿ ಅಂಟುವುದು ಆ ಒಂದು ಪ್ರತಿಗೆ ಮಾತ್ರ. ಆಮೇಲೆ ತಿದ್ದಿಸಿದರೆ ಹೊಸ ಪ್ರತಿಯೊಂದಿಗೆ ರಾಜ್ಯದ ಇಲಾಖೆಯ ಕೌಂಟರಿನಿಂದ ಮತ್ತೆ ಶುರುಮಾಡಬೇಕು.